ಎತ್ತಿ ಕುಡಿದ ಬೀರು

ಕೆಳಗಿನ ಮಗ್ಗ ನಿಂತರೆ ನಮಗೆ ಎಚ್ಚರವಾಗುತ್ತಿತ್ತು. ಇಲಕಲ್ಲಿನಲ್ಲಿ ನಾವು ಮೂವರು ಲಗ್ನವಾಗದ ಹುಡುಗರು ಬಾಡಿಗೆಗೆ ಹಿಡಿದ ಖೋಲಿ ಇದ್ದದ್ದು ಒಬ್ಬ ನೇಕಾರ ಹೆಣ್ಣುಮಗಳ ಮನೆಯ ಮೇಲೆ. ಆಕೆ ಬೆಳಕು ಹರಿಯುವ ಮೊದಲೇ ಕುಣಿಮಗ್ಗಕ್ಕೆ ಇಳಿಯುತ್ತಿದ್ದಳು. ಆ ಟಕಟಕ ಸಪ್ಪಳದಲ್ಲಿಯೇ ಮಲಗುವುದನ್ನು ಕಲಿತ ಮೇಲೆ, ಎಳೆ ಹರಿದು ಮಗ್ಗ ಸುಮ್ಮನಾದರೆ ಸಾಕು, ಮೂವರೂ ಕೂಡಿಯೇ ಕಣ್ಣು ಬಿಡುತ್ತಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ ಅದು.

ನಾನು ಬಾದಾಮಿ ಕಡೆಯವನು. ನಮ್ಮೂರು ಬನಶಂಕರಿಗೆ ಹೋಗುವ ದಾರಿಯಲ್ಲಿದೆ. ಇಲಕಲ್ಲಿನ ಹೊರಗೆ ಕೆಂಪು ಕಲ್ಲಿನ ಒಂದು ಖಣಿಯಲ್ಲಿ ಲಾರಿ ಬಂದದ್ದು ಹೋದದ್ದು ನೋಡಿಕೊಳ್ಳುವ ಕಾರಕೂನನಾಗಿದ್ದೆ. ಎರಡನೆಯವನು ಮರೋಳದ ಕಡೆಯ ಕುರುಬರ ಹುಡುಗ, ಮನೆತನವೆಲ್ಲ ಬೀರಪ್ಪನ ಒಕ್ಕಲು. ಕುರಿ ಬಿಟ್ಟು ಬಂದು ದನದ ದವಾಖಾನಿಯಲ್ಲಿ ಕಂಪೌಂಡರ್ ಆಗಿದ್ದ. ಮೂರನೆಯವನು ಬಾಗಲಕೋಟೆಯ ಕ್ರಿಶ್ಚನ್ನರ ಹುಡುಗ, ನಮ್ಮ ಖಣಿಯಲ್ಲಿಯೇ ಕಂಪ್ರೆಸರ್ ರಿಪೇರಿ ಮಾಡುವ ಫಿಟರ್. ಅವರನ್ನು ಇಲ್ಲಿಯೂ ಕಂಪೌಂಡರ್, ಫಿಟರ್ ಎಂದೇ ಕರೆಯುತ್ತೇನೆ. ಆಗಲೂ ನಾವು ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದು ಹಾಗೆಯೇ, ಒಳ್ಳೆಯ ದಿನಗಳಲ್ಲಿ.

ಫಿಟರನ ಅವ್ವ ಬದುಕಿದ್ದಾಗ ಕ್ರಿಸ್‌ಮಸ್ಸಿಗೆ ನಮ್ಮನ್ನು ಬಾಗಲಕೋಟೆಗೆ ಕರೆಸಿಕೊಳ್ಳುತ್ತಿದ್ದಳು. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವನೆಂದು ನನಗೆ ಬೇರೆ ಒಲೆಯ ಮೇಲೆ, ಬೇರೆ ಭಾಂಡೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ಮಾಡಿ ಹಾಕುತ್ತಿದ್ದಳು. ಊಟ ಮುಗಿದ ಮೇಲೆ ನೀಲಿ ಅಂಚಿನ ಬಶಿಗಳಲ್ಲಿ ಕಂದು ಬಣ್ಣದ್ದೊಂದು ಪಾನಕ ಬರುತ್ತಿತ್ತು. ಚಹಾ ಸುರಿದುಕೊಂಡು ಹೀರುವ ಅಗಲ ಬಶಿ, ಆದರೆ ಒಳಗಿದ್ದದ್ದು ಚಹಾ ಅಲ್ಲ. ಮೇಲೆ ತೆಳ್ಳಗೆ ನೊರೆ, ಲವಂಗ ದಾಲ್ಚಿನ್ನಿ ಒಣಶುಂಠಿಯ ವಾಸನೆ, ಮೊದಲು ಸಿಹಿ, ಹಿಂದಿನಿಂದ ಸಣ್ಣಗೆ ಕಹಿ, ಆಮೇಲೆ ಎದೆಯಲ್ಲಿ ಬೆಚ್ಚಗೆ. ಅದಕ್ಕೆ ಅವರ ಮನೆಯಲ್ಲಿ ನಾತಾಳದ, ಅಂದರೆ ಕ್ರಿಸ್‌ಮಸ್ಸಿನ, ಬೀರು ಎನ್ನುತ್ತಿದ್ದರು. ಆಕೆಯ ಅಪ್ಪ ಬೆಳಗಾವಿಯ ಕ್ಯಾಂಪಿನಲ್ಲಿ ದೊರೆಗಳ ಅಡಿಗೆಯವನಾಗಿದ್ದನಂತೆ. ಥಂಡಿ ದಿನಗಳಲ್ಲಿ, ಹಬ್ಬಕ್ಕೆಂದು, ಮಸಾಲೆ ಹಾಕಿದ ಬೀರು ಮಾಡುವುದನ್ನು ಅವರಿಂದಲೇ ಕಲಿತನಂತೆ. ದೊರೆಗಳು ಹಡಗು ಹತ್ತಿದರು, ಬೀರು ಮಗಳಿಗೆ ಉಳಿಯಿತು. ಆಕೆ ಬಾಗಲಕೋಟೆಗೆ ಸೊಸೆಯಾಗಿ ಬಂದ ಮೇಲೆ ಬಾರ್ಲಿ ಎಲ್ಲಿಂದ ತರಬೇಕು, ಬಿಳಿಜೋಳಕ್ಕೆ ಮೊಳಕೆ ಬರಿಸಿ ಅದರಲ್ಲೇ ಮಾಡತೊಡಗಿದಳು.

ನಮ್ಮ ಮನೆಯಲ್ಲಿ ಕುಡಿಯುವುದೆಂದರೆ ಮಜ್ಜಿಗೆ. ಹೀಗಾಗಿ ಮೊದಲ ಸಲ ಆ ಬಶಿ ಮುಂದೆ ಬಂದಾಗ ನನಗೆ ಅತ್ತ ದರಿ ಇತ್ತ ಪುಲಿ ಆಗಿತ್ತು. ಆಕೆ ನನ್ನ ಮುಖ ನೋಡಿ, ಇದು ಕಷಾಯ ಅಂತ ತಿಳಿದು ಕುಡಿ, ದೇವರು ನನ್ನ ಕೇಳಲಿ ಎಂದಿದ್ದಳು. ನಾನು ಕುಡಿದೆ. ಎರಡನೆಯ ಬಶಿಯನ್ನು ನಾನೇ ಕೇಳಿದೆ. ದೇವರು ಇದುವರೆಗೂ ಯಾರನ್ನೂ ಕೇಳಿಲ್ಲ.

ಆ ವರ್ಷ ಮಳೆಗಾಲದಲ್ಲಿ ಆಕೆ ತೀರಿಕೊಂಡಳು. ಜಡ್ಡಾಗಿ ಭಾಳ ದಿನವೇನೂ ಮಲಗಲಿಲ್ಲ. ತಂತಿ ಖಣಿಗೆ ಬಂದಾಗ ಫಿಟರ್ ಕಂಪ್ರೆಸರಿನ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದ. ಕೈ ಒರೆಸಿಕೊಳ್ಳದೆ ಹಾಗೇ ಬಸ್ಸು ಹತ್ತಿದ. ಹುನಗುಂದ ದಾಟಿದ ಮೇಲೆ ಹಳ್ಳ ತುಂಬಿ ರಸ್ತೆಯ ಮೇಲೆ ಹರಿಯುತ್ತಿತ್ತು. ಬಸ್ಸು ನಿಂತಿತು, ಹಿಂದಿನ ಲಾರಿಗಳು ನಿಂತವು, ನೀರು ಇಳಿಯುವ ತನಕ ಅವನು ದಂಡೆಯ ಮೇಲೆ ಅತ್ತ ಇತ್ತ ತಿರುಗಿದ. ಬಾಗಲಕೋಟೆ ಮುಟ್ಟಿದಾಗ ಮಣ್ಣು ಮುಗಿದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಗುರುತಿನವರು ಯಾರೋ ಅದನ್ನು ಹೇಳಿದರು. ಅವನು ಅಲ್ಲಿಂದ ಸೀದಾ ಸ್ಮಶಾನಕ್ಕೆ ಹೋಗಿ, ಹಸಿ ಮಣ್ಣಿನ ಮುಂದೆ ನಿಂತು, ಸಂಜೆಯ ಬಸ್ಸಿಗೆ ಇಲಕಲ್ಲಿಗೆ ತಿರುಗಿ ಬಂದುಬಿಟ್ಟ. ಮನೆಗೆ ಹೋಗಲಿಲ್ಲ. ಅಪ್ಪನ ಮುಖ ನೋಡುವ ಧೈರ್ಯ ಆಗಲಿಲ್ಲವೆಂದು ನಮಗೆ ಹೇಳಿದ.

ಅವನ ಅಪ್ಪ ರೈಲ್ವೆಯಲ್ಲಿ ಹಳಿ ರಿಪೇರಿಯ ಗ್ಯಾಂಗಿನ ಮೇಸ್ತ್ರಿಯಾಗಿದ್ದು ಪೆನ್ಶನ್ ತೆಗೆದುಕೊಂಡ ಮನುಷ್ಯ. ಮೊದಲೇ ಮಾತು ಕಡಿಮೆ. ಆ ಮನೆಯಲ್ಲಿ ಮಾತೆಲ್ಲ ಅವ್ವನದೇ ಆಗಿತ್ತು, ಅಪ್ಪನದು ಬರೀ ಹೂಂಕಾರ. ಈಗ ಅಪ್ಪ ಬರೆಯಲಿಲ್ಲ, ಮಗ ಬರೆಯಲಿಲ್ಲ. ಅಪ್ಪನಿಗೆ ನನ್ನ ಮೇಲೆ ಸಿಟ್ಟು ಎಂದು ಇವನು, ಮಗನಿಗೆ ಮನೆ ಬೇಡವಾಯಿತು ಎಂದು ಬಹುಶಃ ಆತ. ಇಬ್ಬರಿಗೂ ಎರಡೇಟು ಹಾಕಿ ಒಂದು ಕಡೆ ಕೂರಿಸಬೇಕು ಎನಿಸುತ್ತಿತ್ತು ನನಗೆ. ಆದರೆ ಫಿಟರನ ಒಳಗೆ ಇನ್ನೊಂದು ಮಾತು ಇತ್ತು. ಒಮ್ಮೆ ಖಣಿಯಿಂದ ಬರುವಾಗ ದಾರಿಯಲ್ಲಿ ನಿಂತು ಕೇಳಿದ.

"ಅವ್ವ ಕಡೀಕ ನನ್ನ ಕೇಳಿದ್ಲೋ ಇಲ್ಲೋ? ಅಷ್ಟ ಗೊತ್ತಾದ್ರ ಸಾಕು ನನಗ."

ಅದನ್ನು ಹೇಳಬಲ್ಲವನು ಅವನ ಅಪ್ಪ ಒಬ್ಬನೇ. ಅವನನ್ನು ಕೇಳಲು ಆ ಮನೆಯ ಹೊಸ್ತಿಲು ದಾಟಬೇಕು.

ಆ ಮೇಲಿನ ದಿನಗಳಲ್ಲಿ ಫಿಟರ್ ಕೂರುವುದನ್ನೇ ಬಿಟ್ಟ. ಉಣ್ಣುವಾಗ ಕುಕ್ಕರುಗಾಲಿನಲ್ಲಿ, ಯಾರೋ ಕರೆದರೆ ಎದ್ದು ಓಡುವವನ ಹಾಗೆ. ಉಂಡ ಮೇಲೆ ಖೋಲಿಯ ಈ ಗೋಡೆಯಿಂದ ಆ ಗೋಡೆಗೆ. ನಮ್ಮ ಖೋಲಿಯ ನೆಲ ಮಣ್ಣಿನದು, ಕೆಳಗೆ ತೊಲೆ ಜಂತಿ, ಅದರ ಕೆಳಗೆ ಮಗ್ಗ. ಒಂದು ದಿನ ಮನೆಯೊಡತಿ ಮೆಟ್ಟಿಲ ಬಳಿ ನಿಂತು ನನ್ನನ್ನು ಕರೆದು, ನಿಮ್ಮ ಗೆಳೆಯನಿಗೆ ಒಂದು ಕಡೆ ಕೂರಲು ಹೇಳು, ಮಗ್ಗಕ್ಕೆ ಹೂಡಿದ ನನ್ನ ಹಾಸಿನ ಎಳೆಗಳ ಮೇಲೆ ಮಣ್ಣು ಉದುರಿ ರೇಶ್ಮೆ ಹಾಳಾಗುತ್ತಿದೆ ಎಂದಳು. ನಾನು ಅವನಿಗೆ ಹೇಳಿದೆ. ಅವನು ಹೂಂ ಎಂದು ಹೊರಗೆ ಹೋಗಿ ಓಣಿಯಲ್ಲಿ ತಿರುಗತೊಡಗಿದ. ಆ ಚಡಪಡಿಕೆ ಅಂಟುಜಾಡ್ಯದಂಥದು. ಸ್ವಲ್ಪ ದಿನಗಳಲ್ಲಿ ನನಗೂ ಹಾಸಿಗೆ ಚುಚ್ಚತೊಡಗಿತು. ಸುಮ್ಮಸುಮ್ಮನೆ ಎದ್ದು ಕಿಟಕಿ ತೆರೆಯುವುದು, ಮುಚ್ಚುವುದು, ಕಂಪೌಂಡರನ ಮೇಲೆ ರೇಗುವುದು. ಅವನೊಬ್ಬನೇ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದ. ಅದನ್ನು ಕಂಡರೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಡಿಸೆಂಬರ್ ಬಂತು. ಥಂಡಿ ಬಿತ್ತು. ಒಂದು ಮುಂಜಾನೆ ಫಿಟರ್ ಸಂತೆಯಿಂದ ಒಂದು ಚೀಲ ಬಿಳಿಜೋಳ, ಪುಡಿಕೆ ಪುಡಿಕೆ ಮಸಾಲೆ ತಂದು ನಮ್ಮ ಮುಂದೆ ಸುರಿದ. ನಾತಾಳಕ್ಕೆ ಊರಿಗೆ ಹೋಗುತ್ತೇನೆ, ಅವ್ವನ ಬೀರು ಮಾಡಿಕೊಂಡು ಹೋಗುತ್ತೇನೆ ಎಂದ. ಹೋಗುವುದಾದರೆ ಈಗಲೇ ಹೋಗು, ಬೀರು ಯಾತಕ್ಕೆ ಎಂದು ನಾನು ಕೇಳಿದೆ.

"ಬರಿಗೈಲೆ ಆ ಬಾಗಲಾ ದಾಟಾಕ ಆಗೂದುಲ್ಲೋ ನನಗ" ಎಂದ.

 ನಾನು ಅಂಗಿಯ ತೋಳು ಮಡಚಿದೆ.

ಬೀರು ಹೇಗೆ ಮಾಡುತ್ತಾರೆಂಬುದು ಅವನಿಗೆ ಅರ್ಧ ಗೊತ್ತು. ಜೋಳ ನೆನೆಹಾಕಬೇಕು, ಮೊಳಕೆ ಬರಿಸಬೇಕು, ಒಣಗಿಸಬೇಕು, ಬೆಲ್ಲ ಮಸಾಲೆ ಹಾಕಿ ಕುದಿಸಬೇಕು, ಆರಿದ ಮೇಲೆ ಹೆಪ್ಪಿಗೆಂದು ಸೌಟು ಸಿಂದಿ ಹಾಕಿ ಮುಚ್ಚಿಡಬೇಕು. ಯಾವುದು ಎಷ್ಟು, ಎಷ್ಟು ಹೊತ್ತು, ಅದನ್ನೆಲ್ಲ ಅವ್ವ ಕೈಯಳತೆಯಲ್ಲಿ ಮಾಡುತ್ತಿದ್ದಳು. ಉಳಿದದ್ದನ್ನು ನಾವು ನಾಲಿಗೆಯಿಂದ ಹುಡುಕಬೇಕಿತ್ತು. ಆ ರುಚಿ ಮೂವರಿಗೂ ನೆನಪಿದೆಯಲ್ಲ, ಅದೇ ಆಧಾರ. ಅದರಲ್ಲೂ ನನಗೆ ನನ್ನ ನಾಲಿಗೆಯ ಮೇಲೆ ಭಾರೀ ಹೆಮ್ಮೆ. ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ವಾಸನೆಯಲ್ಲೇ ಹೇಳುತ್ತೇನೆ ಎಂದು ಖಣಿಯಲ್ಲಿ ಜಂಬ ಕೊಚ್ಚುತ್ತಿದ್ದವನು ನಾನು.

ಮೊಳಕೆಯ ಕೆಲಸ ಕಂಪೌಂಡರ್ ಹಿಡಿದ. ಅವನ ಅಜ್ಜಿ ಬಾಣಂತಿಯರಿಗೆ ಮೊಳಕೆ ಜೋಳದ ಅಂಬಲಿ ಮಾಡುತ್ತಿದ್ದುದನ್ನು ಕಂಡಿದ್ದ. ಒದ್ದೆ ಅರಿವೆಯಲ್ಲಿ ಗಂಟು ಕಟ್ಟಿದ, ಮೊಳಕೆ ಒಡೆದ ಮೇಲೆ ಮಾಳಿಗೆಯ ಮೇಲೆ ಹರವಿದ, ಗುಬ್ಬಿ ಕಾಯಲು ನನ್ನನ್ನು ಕೂರಿಸಿದ. ಹಂಚಿನ ಮೇಲೆ ಹುರಿದು, ಮನೆಯೊಡತಿಯ ಬೀಸುಕಲ್ಲಿನಲ್ಲಿ ತರಿತರಿಯಾಗಿ ಬೀಸಿದೆವು. ಯಾಕೆಂದು ಆಕೆ ಕೇಳಿದಳು. ಕಷಾಯಕ್ಕೆ ಎಂದೆ. ಗಂಡುಹುಡುಗರಿಗೆ ಅದೆಂಥ ಜಡ್ಡು ಎಂದು ಆಕೆ ಗೊಣಗಿದರೂ ಉಪ್ಪಿನಕಾಯಿಯ ದೊಡ್ಡ ಭರಣಿ ಕೊಟ್ಟಳು. ಸ್ಟೋವಿನ ಮೇಲೆ ಕುದಿಸಿ ಸೋಸಿ ಭರಣಿಗೆ ಹಾಕಿದೆವು. ಮಸಾಲೆಯನ್ನು ಮಾತ್ರ ತೆಗೆಯದೆ ಭರಣಿಯಲ್ಲೇ ಬಿಟ್ಟೆವು. ಇರಲಿ, ಇದ್ದಷ್ಟೂ ಗುಣ ಎಂದು ಕಂಪೌಂಡರ್ ಅಂದ, ದನಕ್ಕೆ ಔಷಧ ಹಾಕುವವನ ಮಾತು.

ಮರುದಿನ ನೋಡಿದರೆ ಭರಣಿ ಸತ್ತ ಹಾಗೆ ಬಿದ್ದಿತ್ತು. ನೊರೆ ಇಲ್ಲ, ಗುಳ್ಳೆ ಇಲ್ಲ. ಫಿಟರನ ಮುಖ ಕಪ್ಪಿಟ್ಟಿತು. ಥಂಡಿಗೆ ಹೆಪ್ಪು ಹತ್ತುತ್ತಿಲ್ಲ ಎಂದು ಕಂಪೌಂಡರ್ ತನ್ನ ಕರಿ ಕಂಬಳಿಯನ್ನು ಎರಡು ಸುತ್ತು ಸುತ್ತಿ, ತಾನು ನನ್ನ ಚಾದರಿನಲ್ಲಿ ನುಸುಳಿ ಮಲಗಿದ. ಆಮೇಲೆ ದವಾಖಾನಿಯಿಂದ ಒಂದು ಥರ್ಮಾಮೀಟರ್ ತಂದು ಭರಣಿಯಲ್ಲಿ ಇಳಿಬಿಟ್ಟು, ಜ್ವರ ಇಲ್ಲ, ಹುಷಾರಾಗಿದೆ ಎಂದ. ಅದು ದನದ ಥರ್ಮಾಮೀಟರು. ದನದ ಜ್ವರ ಎಲ್ಲಿ ನೋಡುತ್ತಾರೆಂಬುದು ನನಗೆ ಗೊತ್ತಿತ್ತು. ನಾನು ಹೌಹಾರಿದೆ. ಕುದಿಯುವ ನೀರಲ್ಲಿ ತೊಳೆದಿದ್ದೇನೆ ಎಂದು ಬೀರಪ್ಪನ ಆಣೆ ಇಟ್ಟ. ಫಿಟರ್ ಆ ಮಳೆಗಾಲದ ಮೇಲೆ ಮೊದಲ ಸಲ ನಕ್ಕ. ಅದನ್ನು ನೋಡಿ ನಾನು ಬಾಯಿ ಮುಚ್ಚಿಕೊಂಡೆ.

ಕಂಬಳಿಯ ಶಾಖಕ್ಕೆ ಭರಣಿ ಜೀವ ಹಿಡಿಯಿತು. ಕಿವಿ ಇಟ್ಟರೆ ಒಳಗೆ ಸಣ್ಣಗೆ ಪಿಸುಗುಡುವ ಸಪ್ಪಳ. ಅಲ್ಲಿಂದ ನಮಗೆ ನೆಮ್ಮದಿ ಇಲ್ಲ. ಅದನ್ನು ಮುಟ್ಟದೆ ಬಿಡಬೇಕೆಂದು ಮೂವರಿಗೂ ಗೊತ್ತು, ಬಿಟ್ಟವರು ಯಾರೂ ಇಲ್ಲ. ಖಣಿಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ, ಉಂಡ ಮೇಲೆ ಒಮ್ಮೆ ಮುಚ್ಚಳ ತೆರೆದು ರುಚಿ ನೋಡುತ್ತಿದ್ದೆವು.

ನಮ್ಮ ಖೋಲಿಯಲ್ಲಿ ಇದ್ದದ್ದು ಒಂದೇ ಸ್ಟೀಲ್ ಗ್ಲಾಸು. ಚಹಾ ಹೋಟೆಲಿನಲ್ಲಿ ಕುಡಿಯುತ್ತಿದ್ದೆವು, ನೀರಿಗೆ ಅದೊಂದು ಸಾಕಾಗಿತ್ತು. ಗ್ಲಾಸಿಗೆ ತುಟಿ ಹಚ್ಚುವುದು ನಮ್ಮ ಮನೆಯಲ್ಲಿ ಇಲ್ಲ. ಎಂಜಲಾಗುತ್ತದೆಂದು ಸಣ್ಣಂದಿನಿಂದ ಎತ್ತಿ ಕುಡಿದವನು ನಾನು, ತಲೆ ಹಿಂದಕ್ಕೆ ಹಾಕಿ, ಗೇಣು ಮೇಲಿನಿಂದ ಧಾರೆ ಬಿಟ್ಟು, ಗುಟುಕ್ ಗುಟುಕ್ ಎಂದು ಸೀದಾ ಗಂಟಲಿಗೆ. ಕಂಪೌಂಡರನ ಮನೆಯಲ್ಲೂ ಹಾಗೆಯೇ. ಫಿಟರ್ ತನ್ನ ಮನೆಯಲ್ಲಿ ಏನು ಮಾಡುತ್ತಿದ್ದನೋ, ಖಣಿಯಲ್ಲಿ ಎಲ್ಲರೂ ಒಂದೇ ತಂಬಿಗೆಯಿಂದ ಎತ್ತಿ ಕುಡಿಯುವಲ್ಲಿ ಅವನೂ ಪಳಗಿಬಿಟ್ಟಿದ್ದ. ಹೀಗೆ ಮೂವರೂ ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಮುಖ ಮೇಲೆತ್ತಿ, ಬೀರು ಎತ್ತಿ ಕುಡಿದು, ಕಣ್ಣು ಮುಚ್ಚಿ ಅವ್ವನ ರುಚಿಯನ್ನು ನೆನೆಯುತ್ತಿದ್ದೆವು.

"ಬೆಚ್ಚಗ ಐತಿ, ಆದ್ರ ಮಸಾಲಿ ಹತ್ತವಲ್ದಲೇ" ಎಂದು ತೀರ್ಪು ಕೊಡುತ್ತಿದ್ದವನು ನಾನು.

ಖರೆ ಎಂದು ಕಂಪೌಂಡರ್ ತಲೆ ಆಡಿಸುತ್ತಿದ್ದ. ಫಿಟರ್ ಇನ್ನೊಂದು ಹಿಡಿ ಲವಂಗ ಕುಟ್ಟಿ ಹಾಕುತ್ತಿದ್ದ. ಮರುದಿನ ಮತ್ತೆ ಸಾಲಾಗಿ ನಿಲ್ಲುವುದು, ಮತ್ತೆ ನನ್ನ ತೀರ್ಪು, ಈ ಸಲ ಒಣಶುಂಠಿ. ಅದರ ಮರುದಿನ ಮೆಣಸಿನಕಾಳು. ಅವ್ವನ ಬಶಿಯಲ್ಲಿ ಮೂಗಿಗೆ ಬಂದು ಹೊಡೆಯುತ್ತಿದ್ದ ಆ ದಾಲ್ಚಿನ್ನಿ ನಮ್ಮ ಭರಣಿಯಲ್ಲಿ ಎಷ್ಟು ಹಾಕಿದರೂ ಬರುತ್ತಿರಲಿಲ್ಲ. ಸಂತೆಯ ಮಾಲು ಖೋಟಾ ಎಂದು ಕಿರಾಣಿಯವನನ್ನು ಬೈದೆ. ಕಡೆಗೆ ಹಬ್ಬ ಎದುರಿಗೆ ಬಂದಾಗ ಒಂದು ಗುಟುಕಿಗೆ ಗಂಟಲ ಕೊನೆಯಲ್ಲಿ ಚುರ್ ಎಂದಿತು. ಇದೇ ಅದು ಎಂದು ನಾನು ಸಾರಿದೆ. ಫಿಟರ್ ಭರಣಿಯ ಬಾಯಿಗೆ ಅರಿವೆ ಕಟ್ಟಿದ. 

ಹಬ್ಬದ ಮುಂಚಿನ ದಿನ ಮೂವರೂ ಬಾಗಲಕೋಟೆಯ ಬಸ್ಸು ಹತ್ತಿದೆವು. ಭರಣಿ ಫಿಟರನ ತೊಡೆಯ ಮೇಲೆ. ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ ಅರಿವೆ ಉಬ್ಬುವುದು, ಅವನು ಗಂಟು ಸಡಿಲಿಸುವುದು, ವಾಸನೆ ಬಸ್ಸಿನ ತುಂಬ ಹಬ್ಬುವುದು. ಮುಂದಿನ ಸೀಟಿನ ಅಜ್ಜಿ ತಿರುಗಿ, ಯಾರಿಗೆ ಕಷಾಯ ಒಯ್ಯುತ್ತಿದ್ದೀರೆಂದು ಕೇಳಿದಳು. ಮನೆಯಲ್ಲಿ ಹಿರಿಯರಿಗೆ ಎಂದ ಕಂಪೌಂಡರ್. ಚಿಟಿಕೆ ಉಪ್ಪು ಹಾಕಿರಿ, ಕೆಮ್ಮು ಬೇರುಸಮೇತ ಹೋಗುತ್ತದೆ ಎಂದು ಆಕೆ ಬುದ್ಧಿ ಹೇಳಿದಳು.

ಹುನಗುಂದದಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಫಿಟರ್ ಭರಣಿ ನನ್ನ ಕೈಗೆ ಕೊಟ್ಟು ನೀರು ಕುಡಿಯಲು ಇಳಿದ. ಕಂಡಕ್ಟರ್ ಸೀಟಿ ಊದಿದರೂ ಹತ್ತಲಿಲ್ಲ. ಕಿಟಕಿಯಿಂದ ನೋಡಿದರೆ ಇಲಕಲ್ಲಿಗೆ ತಿರುಗಿ ಹೋಗುವ ಬಸ್ಸಿನ ಹತ್ತಿರ ನಿಂತಿದ್ದ. ಮೈ ಉರಿಯಿತು ನನಗೆ. ಅಷ್ಟು ದಿನ ಗುಬ್ಬಿ ಕಾದದ್ದು, ಚಾದರ ಕಳೆದುಕೊಂಡದ್ದು, ದನದ ಥರ್ಮಾಮೀಟರು ಸಹಿಸಿದ್ದು, ಎಲ್ಲ ಇಲ್ಲಿ ನೀರಲ್ಲಿ ಹೋಮ. ಕಂಪೌಂಡರ್ ಇಳಿದು ಓಡಿದ. ನೀವಿಬ್ಬರೇ ಹೋಗಿ ಕೊಟ್ಟು ಬನ್ನಿ ಎಂದನಂತೆ ಫಿಟರ್. ಹೆದರಿದ ಎತ್ತನ್ನು ಗಾಡಿಗೆ ಹೂಡುವವನ ಹಾಗೆ ಕಂಪೌಂಡರ್ ಅವನ ಹೆಗಲ ಮೇಲೆ ಕೈ ಹಾಕಿ ನಡೆಸಿಕೊಂಡು ಬಂದ. ನಾನು ಸಿಟ್ಟಿನಲ್ಲಿ ಭರಣಿಯನ್ನು ಅವನ ತೊಡೆಗೆ ಕುಕ್ಕಿದೆ.

ಬಾಗಲಕೋಟೆ ಆಗಲೇ ಒಂದು ನಮೂನೆ ಎದ್ದು ನಿಂತ ಊರು. ಅಣೆಕಟ್ಟಿನ ನೀರು ಇಲ್ಲಿಯ ತನಕ ಬರುತ್ತದೆ, ಹೊಳೆ ಕಡೆಯ ಓಣಿಗಳು ಮುಳುಗುತ್ತವೆ ಎಂಬ ಮಾತು ವರ್ಷಗಳಿಂದ ಇತ್ತು. ಯಾವಾಗ, ಎಷ್ಟು, ಯಾರಿಗೂ ಖಚಿತ ಇಲ್ಲ. ಮುಳುಗುವ ಗೋಡೆಗೆ ಸುಣ್ಣ ಯಾಕೆಂದು ಜನ ಸುಣ್ಣ ಬಿಟ್ಟಿದ್ದರು. ಫಿಟರನ ಓಣಿಯೂ ಹೊಳೆಯ ಕಡೆಯದೇ. ನಳದ ಹತ್ತಿರ ಕೊಡ ತುಂಬುತ್ತಿದ್ದ ಹೆಂಗಸು ಅವನನ್ನು ಗುರುತಿಸಿ, ಬಂದೆಯಾ ತಮ್ಮಾ, ನಿಮ್ಮಪ್ಪನಿಗೆ ಸ್ವಲ್ಪ ಹೇಳು ಎಂದಳು. ಮಳೆಗಾಲದಿಂದ ಮುದುಕ ಮುಂಬಾಗಿಲು ಹಾಕುವುದಿಲ್ಲವಂತೆ. ಹಗಲೂ ಇಲ್ಲ, ರಾತ್ರಿಯೂ ಇಲ್ಲ. ನಾಯಿ ಹೊಕ್ಕು ರೊಟ್ಟಿ ಕಚ್ಚಿಕೊಂಡು ಹೋದರೂ ಹಾಕುವುದಿಲ್ಲವಂತೆ. ಹೆಂಡತಿ ಹೋದ ಮೇಲೆ ತಲೆ ಸರಿ ಇಲ್ಲ ಎಂದು ಓಣಿಯೆಲ್ಲ ಮಾತಾಡುತ್ತದೆ ಎಂದಳು. ಫಿಟರ್ ನಿಂತಲ್ಲೇ ನಿಂತ. ನಾನು ಹಿಂದಿನಿಂದ ಮೆಲ್ಲಗೆ ದೂಡಿದೆ.

ಬಾಗಿಲು ಹಾರುಹೊಡೆದಿತ್ತು. ಅದು ಮುಚ್ಚಿಕೊಳ್ಳದ ಹಾಗೆ ಬುಡಕ್ಕೆ ರೈಲುಪಟ್ಟಿಯ ಒಂದು ತುಂಡು ಇಟ್ಟಿತ್ತು, ಮೇಸ್ತ್ರಿಯ ಮನೆಯಲ್ಲವೇ. ಒಳಗೆ ಹೊರಸಿನ ಮೇಲೆ ಅಪ್ಪ ಕುಳಿತಿದ್ದ, ಕಿವಿಗೆ ಮಫ್ಲರ್ ಸುತ್ತಿಕೊಂಡು. ನಕ್ಷತ್ರ ಕಟ್ಟಿರಲಿಲ್ಲ, ಗೋದಲಿ ಹೂಡಿರಲಿಲ್ಲ. ಆತ ಮಗನನ್ನು ನೋಡಿದ. ನೋಡಿದ ಅಷ್ಟೇ. ಆಮೇಲೆ ಯಾರಿಗೋ ಎಂಬಂತೆ, ಬರ್ರಿ, ಅಂದ. ಹೊಳೆಯ ಮೇಲಿನ ಗಾಳಿ ಬೆನ್ನಿಗೆ ಕೊರೆಯುತ್ತಿತ್ತು. ಕೊನೆಗೆ ಒಳಬಂದವನು ನಾನು, ರೂಢಿಯಂತೆ ಕಬ್ಬಿಣ ಸರಿಸಿ ಬಾಗಿಲು ಮುಂದೆ ಮಾಡಿದೆ. ಆತ ಹೊರಸಿನಿಂದ ಎದ್ದು ಬಂದು, ನನ್ನ ಕೈಯಿಂದ ಬಾಗಿಲು ಬಿಡಿಸಿ, ಪೂರ್ತಿ ತೆರೆದು, ಕಬ್ಬಿಣವನ್ನು ತಿರುಗಿ ಬುಡಕ್ಕೆ ಇಟ್ಟು ಹೋಗಿ ಕುಳಿತ.  ಕಂಪೌಂಡರ್ ನನ್ನ ಕಡೆ ನೋಡಿದ. ಓಣಿಯವರ ಮಾತು ಖರೆ ಇರಬೇಕೆಂದು ನನಗೆ ಹೆದರಿಕೆ ಆಯಿತು.

ಫಿಟರ್ ಭರಣಿಯನ್ನು ನೆಲದ ಮೇಲಿಟ್ಟು, ಅದರ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತ. ಮುಖ ಬಾಗಿಲ ಕಡೆಗೆ. ಅಪ್ಪ ಭರಣಿಯನ್ನು ನೋಡಿದ, ಮೂಗು ಅರಳಿತು.  ಆಮೇಲೆ ಆತ ಅಡಿಗೆಮನೆಗೆ ಹೋಗಿ ಮಾಡದಿಂದ ನೀಲಿ ಅಂಚಿನ ಬಶಿಗಳನ್ನು ತಂದ. ಧೂಳು ಹತ್ತಿತ್ತು. ಧೋತರದ ಚುಂಗಿನಿಂದ ಒಂದೊಂದನ್ನೇ ಒರೆಸಿ ನಮ್ಮ ಮುಂದೆ ಇಟ್ಟ. ಫಿಟರ್ ಬಗ್ಗಿಸಿದ. ಬಶಿಯನ್ನು ಎತ್ತಿ ಕುಡಿಯಲು ಬರುವುದಿಲ್ಲ. ನಾನು ಎರಡೂ ಕೈಯಲ್ಲಿ ಹಿಡಿದು, ತುಟಿ ಹಚ್ಚಿ, ಸುರ್ ಎಂದು ಹೀರಿದೆ.

ಬಾಯಿಗೆ ಬೆಂಕಿ ಬಿತ್ತು. ಲವಂಗ ನಾಲಿಗೆಯನ್ನು ಮರಗಟ್ಟಿಸಿತು, ಮೆಣಸು ಮೂಗಿಗೆ ಏರಿತು, ಶುಂಠಿ ಕಿವಿಯಿಂದ ಹೊರಗೆ ಬಂತು. ಕಣ್ಣಲ್ಲಿ ನೀರು ಧಾರೆ. ಕಂಪೌಂಡರ್ ಕೆಮ್ಮುತ್ತ ಗೋಡೆ ಹಿಡಿದುಕೊಂಡ. ಫಿಟರ್ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ನುಂಗಲೂ ಆಗದೆ ಉಗುಳಲೂ ಆಗದೆ ಅಪ್ಪನನ್ನೇ ನೋಡುತ್ತಿದ್ದ. ಆ ಮುಖ ನನಗೆ ಇವತ್ತಿಗೂ ಸಂಕಟ ಕೊಡುತ್ತದೆ. ಅಷ್ಟು ದಿನ ನಂಬಿಕೊಂಡಿದ್ದ ಒಂದೇ ದಾರಿ ಬಂದಾಗಿ ಹೋಗಿತ್ತು.

ಅಪ್ಪ ಬಶಿಯನ್ನು ಪೂರ್ತಿ ಕುಡಿದ. ಕಿವಿ ಕೆಂಪಾದವು, ಮಫ್ಲರ್ ಬಿಚ್ಚಿದ. ಬಶಿ ಕೆಳಗಿಟ್ಟು ಮಗನ ಕಡೆ ತಿರುಗಿದ.

"ಇದನ್ನ ಕುಡದು ರುಚಿ ನೋಡಿದ್ದೇನು? ಇಲ್ಲಾ ಹಂಗ ತಂದ್ಯೋ?"

ನೋಡಿದ್ದೆವು ಎಂದು ನಾನೇ ಅಡ್ಡ ಬಂದೆ. ದಿನಾ ನೋಡಿದ್ದೆವು, ಮಸಾಲೆ ಹತ್ತುತ್ತಿರಲಿಲ್ಲ, ಅದಕ್ಕೇ ಹಾಕಿದೆವು. ಹೇಗೆ ನೋಡಿದಿರಿ ಎಂದು ಆತ ಕೇಳಿದ. ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ಕುಡಿಯುವುದರಲ್ಲಿ ಹೇಗೆ ಎಂಥದು. ಕೈಯಲ್ಲಿ ಗ್ಲಾಸು ಇದ್ದ ಹಾಗೆ ಎತ್ತಿ, ತಲೆ ಹಿಂದೆ ಹಾಕಿ, ಬಾಯಿ ತೆರೆದು ತೋರಿಸಿದೆ. ತೋರಿಸುತ್ತಿರುವಾಗಲೇ, ಬಾಯಿ ತೆರೆದಿರುವಾಗಲೇ, ನನಗೆ ಹೊಳೆಯಿತು. ಮೆಲ್ಲಗೆ ಕೈ ಇಳಿಸಿದೆ.

"ಎತ್ತಿ ಕುಡದು ರುಚಿ ನೋಡಿದ್ರ್ಯಾ?" ಎಂದ ಆತ. "ಗಂಟಲಕ ನಾಲಿಗಿ ಐತೇನು?"

ಆಮೇಲೆ ನಡೆದದ್ದು ನಾವು ಯಾರೂ ಎಣಿಸಿರಲಿಲ್ಲ. ಹೂಂಕಾರದ ಮನುಷ್ಯ ಬೈಯತೊಡಗಿದ. ಮಗನನ್ನು ಬೈದ, ನಮ್ಮನ್ನು ಬೈದ. ಮಸಾಲೆಯನ್ನು ಅರಿವೆಯಲ್ಲಿ ಕಟ್ಟಿ ಇಳಿಬಿಡಬೇಕು, ಕುದಿಯುತ್ತಿದ್ದಂತೆ ತೆಗೆಯಬೇಕು, ಇಷ್ಟು ವರ್ಷ ಮನೆಯಲ್ಲಿ ಕಣ್ಣಿಟ್ಟುಕೊಂಡು ಇದ್ದೆಯೋ ಮುಚ್ಚಿಕೊಂಡಿದ್ದೆಯೋ ಎಂದ. ಬೈಯುತ್ತಲೇ ಎದ್ದು ಒಲೆ ಹೊತ್ತಿಸಿದ. ನೀರಿಟ್ಟು ಬೆಲ್ಲ ಹಾಕಿದ. ಮಗನ ಕೈಗೆ ಅರಿವೆ ಕೊಟ್ಟು ಭರಣಿಯದನ್ನು ಸೋಸಲು ಹಚ್ಚಿದ. ಇದನ್ನು ಹೀಗೇ ಬಿಟ್ಟರೆ ಹೊಟ್ಟೆ ಸುಡುತ್ತದೆ, ಒಂದಕ್ಕೆ ಎರಡು ಬೆಲ್ಲದ ನೀರು ಬೇಕು, ಆಕೆ ಒಂದು ವರ್ಷ ಕೆಟ್ಟಾಗ ಹೀಗೇ ಸರಿ ಮಾಡಿದ್ದಳು ಎಂದ. ಅಪ್ಪ ಮಗ ಒಲೆಯ ಮುಂದೆ, ನಾವಿಬ್ಬರು ಅಡಿಗೆಮನೆಯ ಬಾಗಿಲಲ್ಲಿ. ನಮ್ಮ ಬೀರು ಅವ್ವನದರ ಹಾಗೆಯೇ ಆಗಿದ್ದರೆ ಆತ ಸುಮ್ಮನೆ ಕುಡಿದು ಬಶಿ ಕೆಳಗಿಡುತ್ತಿದ್ದ, ನಾವು ಸಂಜೆಯ ಬಸ್ಸು ಹಿಡಿಯುತ್ತಿದ್ದೆವು. ಕೆಟ್ಟದ್ದು ಒಳ್ಳೆಯದಾಯಿತು. ಬೈಸಿಕೊಳ್ಳುವುದು ಅಷ್ಟು ಸುಖ ಕೊಟ್ಟದ್ದು ನನಗೆ ಅದೊಂದೇ ಸಲ.

ಫಿಟರ್ ಸೋಸುವುದನ್ನು ನಿಲ್ಲಿಸಿದ.

"ಅಪ್ಪಾ, ಅವ್ವ ಕಡೀಕ ನನ್ನ ಕೇಳಿದ್ಲೇನು?"

ಅಪ್ಪ ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದ. ಉರಿ ಸಣ್ಣದಾಯಿತು.

"ಕೇಳಲಿಲ್ಲ" ಎಂದ.

ಫಿಟರ್ ತಲೆ ತಗ್ಗಿಸಿದ.  ಸುಳ್ಳಾದರೂ ಒಂದು ಹೂಂ ಅನ್ನಬಾರದೇ ಈ ಮುದುಕ ಎಂದು ನನಗೆ ಸಿಟ್ಟು ಬಂತು. ಆದರೆ ಆತ ಮುಗಿಸಿರಲಿಲ್ಲ. ಸೌಟಿನಿಂದ ಬೆಲ್ಲದ ನೀರು ತಿರುವುತ್ತ, ಸೌಟಿಗೆ ಹೇಳುವವನ ಹಾಗೆ ಹೇಳಿದ.

"ಕೇಳೂದೇನ ಐತಿ. ಅಂವಾ ಬರಾಕತ್ತಾನ, ಬಾಗಲಾ ಹಾಕಬ್ಯಾಡ್ರಿ ಅಂದ್ಲು. ಅದ ಕಡೇ ಮಾತು. ನಾ ಹಾಕಲಿಲ್ಲ."

 ಫಿಟರನ ಹೆಗಲು ಅಲುಗತೊಡಗಿತು. ಹಳ್ಳ ಬಂದಿತ್ತಪ್ಪಾ ಎಂದ, ಆಮೇಲೆ ಅದನ್ನೇ ಮತ್ತೆ ಮತ್ತೆ ಅಂದ. ಅಪ್ಪ, ಗೊತ್ತೈ­ತಿ, ಅಂದ. ಎದ್ದು ಹೋಗಿ ಬಶಿಗಳನ್ನು ತಂದು ಮಗನ ಮುಂದೆ ಇಟ್ಟ. ಕಂಪೌಂಡರ್ ನನ್ನ ತೋಳು ಹಿಡಿದು ಹೊರಗಿನ ಕೋಣೆಗೆ ಎಳೆದುಕೊಂಡು ಬಂದ. ಅವನ ಕಣ್ಣಲ್ಲೂ ನೀರಿತ್ತು. ಮೆಣಸಿನದೋ ಎಂದು ಕೇಳಿದೆ. ನಿನ್ನ ನಾಲಿಗಿಗೆ ಬೆಂಕಿ ಹಚ್ಚಲಿ ಎಂದ.

ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಮಗ ಪಾತೆಲಿ ಹಿಡಿದು ಬಂದರು. ಬಶಿಗೆ ಬಗ್ಗಿಸಿದರು. ತೆಳ್ಳಗಾಗಿತ್ತು, ನೊರೆ ಹೋಗಿತ್ತು, ಅವ್ವನದರ ಹತ್ತಿರ ಹತ್ತಿರವೂ ಇರಲಿಲ್ಲ. ಆದರೆ ತುಟಿಯ ಹತ್ತಿರ ತಂದಾಗ ದಾಲ್ಚಿನ್ನಿ ಮೂಗಿಗೆ ಬಂದು ಮುಟ್ಟಿತು. ನಾಲ್ಕೂ ಜನ ಸುರ್ ಸುರ್ ಎಂದು ಹೀರಿದೆವು. ಹೊರಗೆ ಹೊತ್ತು ಇಳಿಯುತ್ತಿತ್ತು. ಯಾವ ಬಸ್ಸಿಗೆ ಹೋಗುತ್ತೀರಿ ಎಂದು ಅಪ್ಪ ಕೇಳಿದ, ಕೇಳಿದ್ದು ನಮ್ಮನ್ನು, ನೋಡುತ್ತಿದ್ದದ್ದು ಮಗನನ್ನು. ಹಬ್ಬ ಮುಗಿಸಿಕೊಂಡೇ ಹೋಗುತ್ತೇನೆ, ಇವರೂ ಇರುತ್ತಾರೆ ಎಂದ ಫಿಟರ್. ನಮ್ಮನ್ನು ಯಾರೂ ಕೇಳಲಿಲ್ಲ. ಅಪ್ಪ ಬಶಿಯ ತಳದಲ್ಲಿ ಉಳಿದದ್ದನ್ನು ಹೀರಿ ನನ್ನ ಕಡೆ ತಿರುಗಿದ.

"ತಮ್ಮಾ, ಆ ಬಾಗಲಾ ಹಾಕು. ಥಂಡಿ ಬರಾಕತ್ತೈತಿ."

ನಾನು ಎದ್ದು ಕಬ್ಬಿಣ ಸರಿಸಿದೆ. ಬಾಗಿಲು ಅರ್ಧಕ್ಕೆ ಬಂದು ನಿಂತಿತು. ಇಡೀ ಮಳೆಗಾಲ ತೆರೆದೇ ನಿಂತು ನೀರು ಕುಡಿದು ಉಬ್ಬಿದ ಕಟ್ಟಿಗೆ ನೆಲಕ್ಕೆ ಕಚ್ಚಿಕೊಂಡಿತ್ತು, ತಿರುಗಣಿ ತುಕ್ಕು ಹಿಡಿದಿತ್ತು. ಮೊದಲು ನಾನು ಮುಂದೆ ಮಾಡಿದಾಗಲೂ ಅದು ಬಂದದ್ದು ಅಷ್ಟೇ. ಕಂಪೌಂಡರ್ ಬಂದು ಹೆಗಲು ಕೊಟ್ಟ. ಇಬ್ಬರೂ ಏದುಸಿರು ಬಿಡುತ್ತ ನೂಕಿದೆವು, ಕೊನೆಗೆ ಚೌಕಟ್ಟಿಗೆ ಬಡಿದು ಕೂಡಿತು. ಅಗಳಿ ಹಾಕಿ ತಿರುಗಿ ನೋಡಿದೆ. ಫಿಟರ್ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕುಳಿತಿದ್ದ.